ಕೆಳಗಿರುವವರು ತಟ್ಟಿದರೆ

ನಮ್ಮ ಭಾವನನ್ನು ಅವರ ಜೊತೆ ಕೆಲಸ ಮಾಡುವವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರ ಬಾಯಲ್ಲೂ ಅವರು ‘ಇಕ್ಕಳ’. ಒಮ್ಮೆ ಹಿಡಿದರೆ ಮುಗಿಯಿತು, ಬಿಡುವ ಮಾತಿಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ ಟೀ ಕುಡಿದು ಮುಗಿಸಿ ಅರ್ಧ ಗಂಟೆಯಾದರೂ ಖಾಲಿ ಲೋಟವನ್ನು ಹಿಡಿದೇ ಕೂತಿದ್ದರು. ‘ಲೋಟ ನಮ್ಮದು, ಇಲ್ಲೇ ಬಿಟ್ಟು ಹೋದ್ರೆ ಒಳ್ಳೇದು’ ಎಂದು ನಾನು ಛೇಡಿಸಿದೆ. ಅವರು ಕಿವಿಯವರೆಗೂ ಕೆಂಪಾದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ಕಂಡಾಗಲೇ ಈ ಮನುಷ್ಯ ನನಗೆ ಭಾವ ಆಗುವುದು ಖಂಡಿತ ಅಂದುಕೊಂಡೆ.

ಮನೆ ಖಾಲಿ ಮಾಡುವವರ ಬೀರು, ಮಂಚ, ಫ್ರಿಜ್ಜುಗಳನ್ನು ಮಹಡಿಯಿಂದ ಇಳಿಸಿ ಲಾರಿಗೆ ಹೇರುವುದು ಭಾವನ ಮತ್ತು ಅವರ ತಮ್ಮನ ಕೆಲಸ. ಲಿಫ್ಟಿಲ್ಲದ ಕಟ್ಟಡಗಳೇ ಹೆಚ್ಚು. ಭಾರದ ಸಾಮಾನಿಗೆ ದಪ್ಪ ಕ್ಯಾನ್ವಾಸ್ ಪಟ್ಟಿ ಸುತ್ತಿ, ಒಬ್ಬರು ಮೇಲೆ ನಿಂತು ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬರಬೇಕು, ಇನ್ನೊಬ್ಬರು ಕೆಳಗಿನಿಂದ ಹೆಗಲು ಕೊಟ್ಟು ಮೆಟ್ಟಿಲು ಇಳಿಸಬೇಕು. ಮೇಲಿರುವವರಿಗೆ ಕೆಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ, ನಡುವೆ ಬೀರು ಗೋಡೆಯ ಹಾಗೆ ನಿಂತಿರುತ್ತದೆ. ಅದಕ್ಕೇ ಅವರಲ್ಲೊಂದು ಕಟ್ಟುಪಾಡು. ಸಾಮಾನು ನೆಲಕ್ಕೆ ಕೂತಾಗ ಕೆಳಗಿರುವವನು ‘ಇಳೀತು’ ಅನ್ನಬೇಕು. ಅವನು ಹಾಗೆನ್ನುವ ತನಕ, ಕೈ ಕಿತ್ತು ಬಂದರೂ ಸರಿಯೇ, ಮೇಲಿರುವವನು ಪಟ್ಟಿ ಬಿಡುವ ಹಾಗಿಲ್ಲ.

ಆ ದಿನ ಮೇಲೆ ಭಾವ, ಕೆಳಗೆ ತಮ್ಮ. ಹಳೆಯ ಕಾಲದ ಮರದ ಬೀರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಲೆಂದು ತಮ್ಮ ಅದರ ಅಡಿಗೆ ಬಗ್ಗಿದ. ಆ ಮನೆಯ ಯಜಮಾನ ಕೆಳಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಬೀರುವಿನ ಒಂದು ಮೂಲೆ ಮೆಟ್ಟಿಲಿಗೆ ತಾಗಿದ್ದು ಕಂಡದ್ದೇ ತಡ, ‘ಇಳೀತು, ಇಳೀತು, ಬಿಡ್ರಪ್ಪ’ ಅಂದ. ಅದು ತಮ್ಮನ ದನಿಯಲ್ಲ ಎಂದು ಎಂಥವರಿಗೂ ಗೊತ್ತಾಗುತ್ತದೆ. ಆದರೆ ತೋಳು ಸೋತು ಯಾವ ಮಾತಿಗೆ ಕಾಯುತ್ತಿರುತ್ತೇವೋ ಅದೇ ಮಾತು ಕಿವಿಗೆ ಬಿದ್ದಾಗ, ಹೇಳಿದವರು ಯಾರು ಎಂದು ವಿಚಾರಿಸುವ ಪುರುಸೊತ್ತು ಯಾರಿಗಿರುತ್ತದೆ? ಭಾವ ಬಿಟ್ಟರು. ತಮ್ಮ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ.

ಅಲ್ಲಿಂದ ಮುಂದೆ ಭಾವ ನಿಜಕ್ಕೂ ಇಕ್ಕಳವಾದರು. ಮತ್ತೆ ಕೆಲಸಕ್ಕೆ ಹೋದಾಗ, ಕೆಳಗಿರುವವನು ‘ಇಳೀತು’ ಎಂದು ಗಂಟಲು ಹರಿದುಕೊಂಡರೂ ಇವರು ಪಟ್ಟಿ ಬಿಡಲಿಲ್ಲ. ಹಾಗೆ ಜಗ್ಗಿ ಹಿಡಿದ ಪಟ್ಟಿಗೂ ಸಾಮಾನಿಗೂ ನಡುವೆ ಒಬ್ಬನ ಬೆರಳು ಸಿಕ್ಕಿ ಮುರಿಯಿತು. ಯಾರೂ ಇವರ ಜೊತೆ ಮೆಟ್ಟಿಲು ಹತ್ತಲು ಒಪ್ಪದ್ದರಿಂದ ಇವರನ್ನು ಗೋದಾಮಿನಲ್ಲಿ ಒಬ್ಬರೇ ಗಾಡಿ ತಳ್ಳುವ ಕೆಲಸಕ್ಕೆ ಹಾಕಿದರು. ಒಂದು ದಿನ ಆ ಯಜಮಾನ ರಸ್ತೆಯಲ್ಲಿ ಎದುರಾದ. ಭಾವ ಅವನ ಕೊರಳಪಟ್ಟಿಗೆ ಕೈ ಹಾಕಿದರು. ಒಂದು ಏಟೂ ಹಾಕಲಿಲ್ಲ, ಒಂದು ಮಾತೂ ಆಡಲಿಲ್ಲ, ಸುಮ್ಮನೆ ಹಿಡಿದು ನಿಂತರು. ಬೆರಳು ಬಿಡಿಸಲು ಅಂಗಡಿಯವರೆಲ್ಲ ಸೇರಬೇಕಾಯಿತು. ಪೊಲೀಸ್ ಠಾಣೆಯಿಂದ ಅವರನ್ನು ಕರೆದುಕೊಂಡು ಬಂದದ್ದು ನಾನು ಮತ್ತು ಅಕ್ಕ. ಆಟೋದಲ್ಲಿ ಕೂತ ಮೇಲೂ ಅವರ ಮುಷ್ಟಿ ಬಿಗಿದೇ ಇತ್ತು. ಅಕ್ಕ ದಾರಿಯುದ್ದಕ್ಕೂ ಅದನ್ನು ತನ್ನ ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದಳು.

ನನಗೆ ಕೋಪ ಬೇಗ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ‘ಹೀಗೇ ಆದ್ರೆ ನೀನೂ ಹುಚ್ಚಿ ಆಗ್ತೀಯ, ಸ್ವಲ್ಪ ದಿನ ನಮ್ಮನೇಲಿ ಬಂದಿರು’ ಎಂದು ಅಕ್ಕನಿಗೆ ಹೇಳಿದೆ. ‘ನಾನೂ ಬಂದ್ಬಿಟ್ರೆ ಅವರು ಹಿಡ್ಕೊಳ್ಳೋಕೆ ಏನಿರತ್ತೆ ಹೇಳು’ ಅಂದಳು. ಹೇಳಿ ನಕ್ಕಳು ಬೇರೆ. ಅವಳ ತಾಳ್ಮೆ ನೋಡಿ ನನಗೆ ಮೈಯೆಲ್ಲ ಉರಿಯಿತು.

ಗೋದಾಮಿಗೆ ಬಂದ ಸಾಮಾನನ್ನು ಮುಟ್ಟಿಸಲು ಭಾವ ಒಂದು ಸಂಜೆ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಗೆ ಹೋದರು. ಸಾಮಾನೆಂದರೆ ದಪ್ಪ ದಪ್ಪ ಮ್ಯಾಟುಗಳು. ಅಲ್ಲಿ ಜೂಡೊ ಕಲಿಸುತ್ತಿದ್ದರು. ಕಲಿಸುವವರು ನಿವೃತ್ತ ವ್ಯಾಯಾಮ ಶಿಕ್ಷಕಿ, ಎಲ್ಲರಿಗೂ ಟೀಚರಮ್ಮ. ಕಡ್ಡಿಯಂಥ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಮ್ಯಾಟು ಹಾಸಿ ಮುಗಿಸಿ ಭಾವ ಬಾಗಿಲ ಬಳಿ ನಿಂತಾಗ ಒಳಗೆ ಇಬ್ಬರು ಸೆಣಸುತ್ತಿದ್ದರು. ದಪ್ಪಗಿದ್ದವನು ಸಣ್ಣಗಿದ್ದವನನ್ನು ನೆಲಕ್ಕೆ ಅದುಮಿ ಹಿಡಿದಿದ್ದ. ಸಣ್ಣಗಿದ್ದವನು ಅವನ ತೋಳಿನ ಮೇಲೆ ಎರಡು ಸಲ ತಟ್ಟಿದ. ಆ ಕ್ಷಣವೇ ದಪ್ಪಗಿದ್ದವನು ಕೈ ತೆಗೆದು ಎದ್ದು ಕೂತ.

‘ಯಾಕೆ ಬಿಟ್ಟ?’ ಎಂದು ಭಾವ ಕೇಳಿದರಂತೆ.

‘ತಟ್ಟಿದ್ರಲ್ಲ’ ಅಂದರು ಟೀಚರಮ್ಮ.

‘ಯಾರು ತಟ್ಟಬೇಕು?’

‘ಕೆಳಗಿರೋರು. ಕೆಳಗಿರೋರು ತಟ್ಟಿದ್ರೆ ಮೇಲಿರೋರು ತಕ್ಷಣ ಬಿಡ್ಬೇಕು. ಸುತ್ತ ನಿಂತವರು ನೂರು ಹೇಳ್ತಾರೆ, ಅದನ್ನ ಕಿವಿಗೆ ಹಾಕ್ಕೋಬಾರ್ದು. ಭಾರ ಯಾರ ಮೇಲಿದೆಯೋ ಅವರಿಗೇ ಗೊತ್ತು.’

ಭಾವ ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಇಷ್ಟನ್ನೂ ಅಕ್ಕನಿಗೆ ಹೇಳಿದರು. ತಮ್ಮ ಹೋದ ಮೇಲೆ ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಮಾರನೆಯ ದಿನ ಅಕ್ಕನೇ ಅವರನ್ನು ಕರೆದುಕೊಂಡು ಹೋಗಿ ಸೇರಿಸಿದಳು. ಅಕ್ಕ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಹರಿದ ಬಟ್ಟೆ ಸರಿಮಾಡುವ ಕೆಲಸದಲ್ಲಿದ್ದಳು. ಆ ದಪ್ಪ ಬಿಳಿ ಜಾಕೆಟ್ಟು ಭಾವನ ಬೆನ್ನಿಗೆ ಸಾಲದೆ ಎರಡು ಜಾಕೆಟ್ಟು ಬಿಚ್ಚಿ ಒಂದು ಮಾಡಿಕೊಟ್ಟಳು. ಅದನ್ನು ಹಾಕಿಕೊಂಡು ನಿಂತ ಭಾವನನ್ನು ನೋಡಿ ನನಗೆ ಹಾಸಿಗೆಗೆ ಕಾಲು ಬಂದ ಹಾಗೆ ಕಾಣಿಸಿತು. ಹಾಗೆಂದು ಹೇಳಿಯೂ ಹೇಳಿದೆ.

ಅಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ತಿಂಗಳುಗಟ್ಟಲೆ ಬರೀ ಬೀಳುವುದೇ. ಕೆಲವು ಸಂಜೆ ನಾನೂ ಅಕ್ಕನೂ ಗೋಡೆ ಬದಿಯ ಬೆಂಚಿನಲ್ಲಿ ಕೂತು ನೋಡುತ್ತಿದ್ದೆವು. ಭಾವ ಬಿದ್ದರೆ ಕಿಟಕಿಯ ಗಾಜು ಅದುರುತ್ತಿತ್ತು. ಅವರ ಅರ್ಧ ವಯಸ್ಸಿನವರೆಲ್ಲ ಹಗುರವಾಗಿ ಉರುಳಿ ಏಳುತ್ತಿದ್ದರೆ ಇವರು ಲಾರಿಯಿಂದ ಮೂಟೆ ಜಾರಿದ ಹಾಗೆ ಬೀಳುತ್ತಿದ್ದರು. ‘ನೆಲದ ಮೇಲೆ ಸಿಟ್ಟು ಮಾಡ್ಕೋಬೇಡಿ, ಅದೇನು ಮಾಡಿದೆ ಪಾಪ’ ಎನ್ನುತ್ತಿದ್ದರು ಟೀಚರಮ್ಮ.

ಆದರೆ ನಾವು ನಗುವುದನ್ನು ನಿಲ್ಲಿಸಿದ ಸಂಜೆಯೊಂದು ನನಗೆ ಚೆನ್ನಾಗಿ ನೆನಪಿದೆ. ಆ ದಿನ ಭಾವ ಕೆಳಗೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮೇಲೆ. ಬ್ಯಾಂಕಿನವನು ಎದೆಯ ಮೇಲೆ ಪೂರ್ತಿ ಭಾರ ಹಾಕಿ ಹಿಡಿದಿದ್ದ. ಭಾವ ಒದ್ದಾಡಲಿಲ್ಲ, ತಟ್ಟಲೂ ಇಲ್ಲ. ಮುಖ ಕೆಂಪಾಗಿ, ಆಮೇಲೆ ಬೇರೆ ಬಣ್ಣಕ್ಕೆ ತಿರುಗಿತು. ಕಣ್ಣು ತೆರೆದೇ ಇತ್ತು. ಅಕ್ಕ ಬೆಂಚಿನಿಂದ ಎದ್ದು ನಿಂತಳು. ಟೀಚರಮ್ಮ ಓಡಿ ಬಂದು ಬ್ಯಾಂಕಿನವನನ್ನು ಎಳೆದು ಹಾಕಿದರು.

‘ಯಾಕ್ರೀ ತಟ್ಟಲಿಲ್ಲ?’ ಎಂದು ಗದರಿದರು.

ಭಾವ ಮಲಗಿದಲ್ಲೇ ಹೇಳಿದರು, ‘ಅವನಿಗೂ ಹೀಗೇ ಇತ್ತೇನೋ ಅಂತ ನೋಡ್ತಿದ್ದೆ.’

ಯಾರಿಗೆ ಎಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ನನಗೂ ಅಕ್ಕನಿಗೂ ಗೊತ್ತಿತ್ತು. ಇಷ್ಟು ದಿನ ಈ ಮನುಷ್ಯ ಶಾಂತಿ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಿದ್ದಾರೆ ಎಂದು ನಾವು ತಿಳಿದಿದ್ದರೆ, ಅವರು ತಮ್ಮನು ಸತ್ತ ಜಾಗವನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಟೀಚರಮ್ಮನಿಗೆ ಏನು ಅರ್ಥವಾಯಿತೋ, ಅವರ ಪಕ್ಕ ಮಂಡಿಯೂರಿ ಕೂತರು. ‘ತಟ್ಟೋಕೆ ಬರದವರಿಗೆ ಇಲ್ಲಿ ಜಾಗ ಇಲ್ಲ. ನೀವು ತಟ್ಟದೆ ಇದ್ರೆ ಮೇಲಿರೋನು ಕೊಲೆಗಾರ ಆಗ್ತಾನೆ. ಅವನಿಗೆ ಹಾಗೆ ಮಾಡ್ಬೇಡಿ’ ಅಂದು, ಬ್ಯಾಂಕಿನವನಿಗೆ ಮತ್ತೆ ಹಿಡಿಯಲು ಹೇಳಿದರು. ಅವನು ಹೆದರುತ್ತಲೇ ಹಿಡಿದ. ಈ ಸಲ ಭಾವನ ಕೈ ನಿಧಾನವಾಗಿ ಎದ್ದು ಅವನ ಬೆನ್ನಿನ ಮೇಲೆ ತಟ್ಟಿತು. ಅವನು ಬಿಟ್ಟ. ಭಾವ ಮಗ್ಗುಲಿಗೆ ಹೊರಳಿ, ಮ್ಯಾಟಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತರು. ತಮ್ಮ ಹೋದಾಗಲೂ ಅವರು ಅತ್ತಿರಲಿಲ್ಲ.

ಬದಲಾವಣೆ ಬಂತು. ಕಥೆಯಲ್ಲಿ ಬರುವ ಹಾಗೆ ಒಂದೇ ದಿನಕ್ಕೆ ಬರಲಿಲ್ಲ. ನಿದ್ದೆಯಲ್ಲಿ ಹೊದಿಕೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯುವುದು ನಿಂತಿತು. ಆಮೇಲೆ ಕೈಗೆ ಕೊಟ್ಟ ಲೋಟ ಕೆಳಗಿಡತೊಡಗಿದರು. ಕೊನೆಗೆ ಗೋದಾಮು ಬಿಟ್ಟು ಸಾಮಾನು ಇಳಿಸುವ ಕೆಲಸಕ್ಕೆ ಮರಳಿದರು, ಆದರೆ ಎಂದೂ ಮೇಲೆ ನಿಲ್ಲಲಿಲ್ಲ. ‘ಕೆಳಗೆ ನಾನಿರ್ತೀನಿ’ ಎಂದು ಮೊದಲೇ ಹೇಳಿಬಿಡುತ್ತಿದ್ದರು. ಆ ಯಜಮಾನ ಮತ್ತೊಮ್ಮೆ ಎದುರಾದಾಗ ಅವನೇ ಭಯದಿಂದ ರಸ್ತೆ ದಾಟಿದನಂತೆ. ‘ಪಾಪ, ಅವನಿಗೂ ನಿದ್ದೆ ಬರ್ತಿರಲಿಕ್ಕಿಲ್ಲ’ ಎಂದು ಭಾವ ಊಟ ಮಾಡುತ್ತ ಹೇಳಿದರು. ಅಕ್ಕ ಬಡಿಸುವ ಸೌಟು ಹಿಡಿದು ಹಾಗೇ ನಿಂತಳು.

ಅಕ್ಕನಿಗೂ ಆ ವಿದ್ಯೆಯ ಗೀಳು ಸ್ವಲ್ಪ ಹತ್ತಿತು. ಪೂರ್ತಿ ಕಲಿಯಲಿಲ್ಲ, ಬೀಳುವುದನ್ನು ಮತ್ತು ತಟ್ಟುವುದನ್ನು ಕಲಿತಳು. ಅವಳಿಗೆ ಅಷ್ಟೇ ಸಾಕಿತ್ತು. ಭಾವ ಕಲಿತ ಪಟ್ಟನ್ನು ಮುಂದಿನ ಕೋಣೆಯ ಹಾಸಿಗೆಯ ಮೇಲೆ ತೋರಿಸುವರು, ಇವಳು ತಟ್ಟುವಳು. ಕ್ರಮೇಣ ತಟ್ಟುವುದು ಮನೆಯ ಭಾಷೆಯೇ ಆಯಿತು. ಅನ್ನ ಜಾಸ್ತಿ ಬಡಿಸಿದರೆ ತಟ್ಟುವಳು. ಭಾವ ಫೋನಿನಲ್ಲಿ ಹರಟೆಗೆ ಕೂತರೆ ತಟ್ಟುವಳು. ನಾನೂ ಅವಳೂ ಜಗಳಕ್ಕೆ ಬಿದ್ದು ನಾನು ಏರಿಸಿ ಮಾತಾಡಿದಾಗ, ಭಾವ ‘ತಟ್ಟೇ, ತಟ್ಟು, ಇಲ್ದಿದ್ರೆ ನಿನ್ನ ತಂಗಿ ಬಿಡಲ್ಲ’ ಎನ್ನುವರು. ನಿಮ್ಮ ಗಂಡ ಹೆಂಡತಿ ಆಟ ನನಗೆ ಬೇಡ ಎಂದು ನಾನು ಮೂಗು ಮುರಿಯುತ್ತಿದ್ದೆ. ಆ ವರ್ಷಗಳು ಚೆನ್ನಾಗಿದ್ದವು. ಚೆನ್ನಾಗಿದ್ದವು ಎಂಬುದು ಆಗ ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಮೊದಲು ಅಕ್ಕನ ಕೈಯಿಂದ ಸೂಜಿ ಜಾರತೊಡಗಿತು. ಕನ್ನಡಕ ಬದಲಿಸಿದಳು. ಆಮೇಲೆ ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚುತ್ತಿತ್ತು. ಎಷ್ಟೋ ಪರೀಕ್ಷೆಗಳಾದ ಮೇಲೆ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿ ಹೇಳಿದರು. ನರಗಳ ಕಾಯಿಲೆ. ಸ್ನಾಯುಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ, ಕೊನೆಗೆ ಉಸಿರಾಟದ್ದೂ. ಮದ್ದಿಲ್ಲ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ, ಕೊನೆಯವರೆಗೂ ಎಲ್ಲ ತಿಳಿಯುತ್ತದೆ ಎಂದು ಸಮಾಧಾನದ ದನಿಯಲ್ಲಿ ಹೇಳಿದರು. ಅದೆಂಥ ಸಮಾಧಾನವೋ ನನಗೆ ಇಂದಿಗೂ ತಿಳಿಯದು.

ಅಕ್ಕನನ್ನು ಎತ್ತುವುದು, ಕೂರಿಸುವುದು, ಸ್ನಾನ ಮಾಡಿಸುವುದು ಎಲ್ಲ ಭಾವನೇ. ಕುತ್ತಿಗೆಯ ಕೆಳಗೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು, ತಮ್ಮ ಸೊಂಟದ ಮೇಲೆ ಅವಳ ಭಾರ ತೆಗೆದುಕೊಂಡು ಏಳುತ್ತಿದ್ದರು. ಜೂಡೊದಲ್ಲಿ ಎದುರಾಳಿಯನ್ನು ಎತ್ತಿಹಾಕಲು ಕಲಿತ ಪಟ್ಟು ಅದು. ಎತ್ತಿಹಾಕುವ ಬದಲು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಮಾತು ಹೋಯಿತು. ನುಂಗುವುದು ಕಷ್ಟವಾಯಿತು. ಬಲಗೈ ಹೋಯಿತು. ಎಡಗೈ ಬೆರಳುಗಳಲ್ಲಿ ಮಾತ್ರ ಒಂದಿಷ್ಟು ಜೀವ ಉಳಿದಿತ್ತು.

ಉಸಿರು ಕಟ್ಟಿ ಎರಡನೆಯ ಸಲ ಆಸ್ಪತ್ರೆ ಸೇರಿದಾಗ ಡಾಕ್ಟರು, ಇನ್ನು ಗಂಟಲಿಗೆ ತೂತು ಮಾಡಿ ಯಂತ್ರಕ್ಕೆ ಜೋಡಿಸಬೇಕು, ಆಮೇಲೆ ಅದನ್ನು ತೆಗೆಯುವ ಮಾತಿಲ್ಲ, ಯಂತ್ರದ ಮೇಲೆ ವರ್ಷಗಳೂ ಬದುಕಬಹುದು, ಯೋಚಿಸಿ ಹೇಳಿ ಅಂದರು. ಯೋಚಿಸುವುದೇನು ಬಂತು, ಮಾಡಿ ಎಂದೆ ನಾನು. ಮಾಡಿ ಎಂದರು ಭಾವ. ಅಕ್ಕನ ಎಡಗೈ ಭಾವನ ತೋಳಿನ ಮೇಲಿತ್ತು. ಬೆರಳುಗಳು ಎದ್ದು ಎರಡು ಸಲ ತಟ್ಟಿದವು.

‘ನೀರು ಬೇಕಾ?’ ಎಂದರು ಭಾವ. ಬಟ್ಟೆ ಅದ್ದಿ ತುಟಿ ಒದ್ದೆ ಮಾಡಿದರು. ಅಕ್ಕ ಮತ್ತೆ ತಟ್ಟಿದಳು. ‘ದಿಂಬು ಸರಿ ಇಲ್ವಾ?’ ಎಂದು ದಿಂಬು ತಿರುಗಿಸಿದರು. ಅಕ್ಕ ಅವರನ್ನೇ ದುರುಗುಟ್ಟಿ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಚಿಕ್ಕಂದಿನಲ್ಲಿ ನಾನು ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ನಟಿಸಿದಾಗೆಲ್ಲ ಹಾಗೆ ನೋಡುತ್ತಿದ್ದಳು. ಭಾವ ಕಿಟಕಿಯ ಕಡೆ ತಿರುಗಿಕೊಂಡರು.

ಮುಂದಿನದನ್ನು ನನಗೆ ಹೇಳಿದ್ದು ಟೀಚರಮ್ಮ. ಆ ಸಂಜೆ ನಾನು ಅಕ್ಕನ ಬಳಿ ಕೂತಿದ್ದಾಗ ಭಾವ ಜೂಡೊಗೆ ಹೋದರು. ಬ್ಯಾಂಕಿನವನ ಜೊತೆ ಸೆಣಸಿ ಅವನನ್ನು ಕೆಳಗೆ ಹಾಕಿ ಹಿಡಿದರು. ಅವನು ತಟ್ಟಿದ. ಭಾವ ಬಿಡಲಿಲ್ಲ. ಮತ್ತೆ ತಟ್ಟಿದ. ಬಿಡಲಿಲ್ಲ. ಟೀಚರಮ್ಮ ಭುಜ ಹಿಡಿದು ಜಗ್ಗಿದ ಮೇಲೆ ಬಿಟ್ಟರು. ಬ್ಯಾಂಕಿನವನು ಕೆಮ್ಮುತ್ತ ಎದ್ದು, ಪರವಾಗಿಲ್ಲ ಪರವಾಗಿಲ್ಲ ಎಂದನಂತೆ, ಒಳ್ಳೆಯವನು ಪಾಪ.

‘ತಟ್ಟಿದ್ದು ಗೊತ್ತಾಗ್ಲಿಲ್ವಾ ನಿಮಗೆ?’ ಎಂದು ಟೀಚರಮ್ಮ ಕೇಳಿದರು.

‘ಗೊತ್ತಾಯ್ತು’ ಎಂದರು ಭಾವ. ಯಾರೂ ಹೇಳದೆಯೇ ಜಾಕೆಟ್ಟಿನ ಮೇಲೆ ಕಟ್ಟಿದ್ದ ಜೂಡೊ ಬೆಲ್ಟ್ ಬಿಚ್ಚಿ, ಮಡಿಸಿ, ಟೀಚರಮ್ಮನ ಕೈಗೆ ಕೊಟ್ಟು ಹೊರಟರು.

ಸೀದಾ ಆಸ್ಪತ್ರೆಗೆ ಬಂದರು. ಬೆವರಿನ ಅಂಗಿಯಲ್ಲೇ ಮಂಚದ ಪಕ್ಕ ಕೂತು ಅಕ್ಕನ ಎಡಗೈಯನ್ನು ತಮ್ಮ ತೋಳಿನ ಮೇಲೆ ಇಟ್ಟುಕೊಂಡರು.

‘ನೋಡೇ, ಸರಿಯಾಗಿ ಕೇಳ್ತಿದೀನಿ. ಯಂತ್ರ ಬೇಡ್ವಾ ನಿನಗೆ? ಬೇಡ ಅಂದ್ರೆ ತಟ್ಟು.’

ಬೆರಳು ತಟ್ಟಿದವು.

‘ಮನೆಗೆ ಹೋಗೋಣ್ವಾ? ಹೋದ್ರೆ ಜಾಸ್ತಿ ದಿನ ಇರಲ್ಲ ನೀನು. ಅದು ಗೊತ್ತಿದ್ದೂ ಹೇಳ್ತಿದೀಯಾ?’

ಮತ್ತೆ ತಟ್ಟಿದವು. ಅಕ್ಕನ ಕಣ್ಣಿನಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು. ಒರೆಸಿಕೊಳ್ಳಲು ಅವಳಿಗೆ ಕೈ ಏಳುತ್ತಿರಲಿಲ್ಲ. ಭಾವ ಒರೆಸಿದರು.

ನಾನು ಭಾವನನ್ನು ಹೊರಗೆ ಕರೆದು ಬಾಯಿಗೆ ಬಂದ ಹಾಗೆ ಬೈದೆ. ‘ಇಷ್ಟು ದಿನ ನೋಡ್ಕೊಂಡು ಈಗ ಸಾಕಾಯ್ತಾ ನಿಮಗೆ? ತಮ್ಮನ್ನ ಬಿಟ್ರಿ, ಈಗ ನಮ್ಮಕ್ಕನ್ನೂ ಬಿಡ್ತೀರಾ?’ ಅಂದೆ. ಆ ಮಾತಿಗೆ ಹಿಂದಿನ ಭಾವ ಆಗಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು, ಇಲ್ಲವೇ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಅವರು ಒಮ್ಮೆ ಉಸಿರೆಳೆದುಕೊಂಡರು. ಆ ಮಾತು ಬಂದು ಅವರ ಮೇಲೆ ಬಿದ್ದದ್ದನ್ನೂ, ಅದನ್ನು ಅವರು ನೆಲಕ್ಕೆ ಇಳಿಸಿದ್ದನ್ನೂ ನಾನು ಕಣ್ಣಾರೆ ಕಂಡೆ.

‘ಅವತ್ತು ಯಾರೋ ಹೇಳಿದ್ರು ಅಂತ ಬಿಟ್ಟೆ’ ಅಂದರು. ‘ಇವತ್ತು ಯಾರೋ ಹೇಳ್ತಾರೆ ಅಂತ ಹಿಡ್ಕೊಂಡಿರೋಕೆ ಆಗಲ್ಲಮ್ಮ. ಕೆಳಗಿರೋಳು ಅವಳು.’

ನಾನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿದ್ದೇನೆ ಎಂದು ಹೇಳಲಾರೆ. ಯಂತ್ರದ ಮೇಲಾದರೂ ಅಕ್ಕ ಇದ್ದಿದ್ದರೆ ಎಂದು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಈಗಲೂ ಅನ್ನಿಸುತ್ತದೆ. ಆದರೆ ಅದು ನನ್ನ ಆಸೆ, ಅವಳದಲ್ಲ ಎಂಬುದೂ ಗೊತ್ತಿದೆ.

ಮನೆಗೆ ಕರೆತಂದೆವು. ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಮಂಚ ಹಾಕಿದೆವು. ದಿನಾ ನರ್ಸ್ ಬಂದು ಉಸಿರಿನ ಸಂಕಟ ಕಡಿಮೆಯಾಗುವ ಔಷಧಿ ಕೊಟ್ಟು ಹೋಗುತ್ತಿದ್ದಳು. ಟೀಚರಮ್ಮ ಒಂದು ದಿನ ಬಂದು, ಮಡಿಸಿದ ಬೆಲ್ಟನ್ನು ಕಪಾಟಿನ ಮೇಲಿಟ್ಟು ಹೋದರು. ಆ ವಾರಗಳಲ್ಲಿ ಭಾವನಷ್ಟು ಶಾಂತವಾಗಿದ್ದವರನ್ನು ನಾನು ಕಂಡಿಲ್ಲ. ಸೋರುವ ನಲ್ಲಿ ಸರಿಮಾಡಿದರು, ಅಕ್ಕನ ತಲೆ ಬಾಚಿದರು, ಬೀದಿಯ ಸುದ್ದಿಯನ್ನೆಲ್ಲ ಅವಳಿಗೆ ಒಪ್ಪಿಸಿದರು. ಶಾಂತಿಯೆಂದರೆ ದುಃಖ ಇಲ್ಲದಿರುವುದು ಎಂದು ನಾನು ಅಂದುಕೊಂಡಿದ್ದೆ. ಅವರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಹೊರಗೆ ಬಂದಾಗ ಮುಖ ಒರೆಸಿಕೊಂಡು, ಕೈ ಬಿಚ್ಚಿಕೊಂಡು ಬರುತ್ತಿದ್ದರು.

ಒಂದು ಮಧ್ಯಾಹ್ನ, ಕಿಟಕಿಯ ಬಿಸಿಲು ಹಾಸಿಗೆಯ ಅಂಚಿಗೆ ಬಂದಿದ್ದಾಗ, ಅಕ್ಕ ಹೋದಳು. ಅವಳ ಬಲಗೈ ಭಾವನ ಎರಡೂ ಕೈಗಳ ನಡುವೆ ಇತ್ತು.

ಸಂಜೆಗೆ ವ್ಯಾನು ಬಂತು. ಅಕ್ಕನನ್ನು ಕರೆದೊಯ್ಯಲು ಬಂದ ಇಬ್ಬರು ಬಾಗಿಲಲ್ಲಿ ನಿಂತರು. ಭಾವ ಏಳಲಿಲ್ಲ. ಸುದ್ದಿ ಕೇಳಿ ಬಂದಿದ್ದ ಬ್ಯಾಂಕಿನವನು ಮೆಲ್ಲಗೆ ಕರೆದ. ಟೀಚರಮ್ಮ ಕರೆದರು. ‘ಸಾಕು, ಬಿಡಿ, ಬಿಟ್ಬಿಡಿ’ ಎಂದು ಬಾಗಿಲ ಬಳಿ ಸೇರಿದ್ದ ಪಕ್ಕದ ಮನೆಯವರೂ ಹೇಳಿದರು. ಭಾವನ ಬೆರಳು ಬಿಗಿಯುತ್ತ ಹೋದವು, ಉಗುರು ಬೆಳ್ಳಗಾದವು. ಹಳೆಯ ಇಕ್ಕಳ. ಯಾರೋ ಬಿಡಿಸಲು ಕೈ ಹಾಕಹೊರಟರು, ನಾನು ತಡೆದೆ.

ನಾನು ಮಂಚದ ಆ ಬದಿಗೆ ಹೋದೆ. ಅಕ್ಕನ ಎಡಗೈ ಹೊದಿಕೆಯ ಮೇಲೆ ಬಿದ್ದಿತ್ತು, ತಣ್ಣಗಾಗಿತ್ತು. ಅದನ್ನು ನನ್ನ ಕೈಯಲ್ಲಿ ಎತ್ತಿಕೊಂಡು, ಅವಳ ಬೆರಳುಗಳಿಂದಲೇ ಭಾವನ ತೋಳಿನ ಮೇಲೆ ಎರಡು ಸಲ ತಟ್ಟಿಸಿದೆ.

ಭಾವ ಬಿಟ್ಟರು.